ಅಂತರ್ಜಾಲದ ವೈದ್ಯವಾಕ್ಯ ಮತ್ತು ಅದರ ಪ್ರಾಮಾಣ್ಯದ ಎಲ್ಲೆ

ತುಮಕೂರಿಗೆ ಆ ಹೆಸರು ಬಂದ ಬಗೆಯನ್ನು ಕುರಿತು ಎರಡು ಮಾತುಗಳು ಪ್ರಚಾರದಲ್ಲಿವೆ. ತುಂಬೆಯ ಗಿಡಗಳು ಹೇರಳವಾಗಿ ಬೆಳೆಯುತ್ತಿದ್ದ ಎಡೆಯಾದುದರಿಂದ ಅದು ಮೊದಲು ತುಂಬೆಯೂರಾಗಿ ಕ್ರಮೇಣ ತುಮಕೂರಾಯಿತೆಂಬುದು ಒಂದು. ತುಮುಕು ಎಂಬ ಚರ್ಮವಾದ್ಯದಿಂದ ಬಂದಿತೆಂಬುದು ಮತ್ತೊಂದು. ೨೦೧೪ನೆಯ ನವೆಂಬರ್ ೧ರಿಂದ ಸರ್ಕಾರದ ಇಂಗ್ಲಿಷ್ ಕಾಗದಪತ್ರಗಳಲ್ಲಿಯೂ ‘ತುಮ್ಕೂರ್’ ಎಂಬ ರೂಪ ಹೋಗಿ ‘ತುಮಕೂರು’ ಎಂಬುದೇ ನೆಲೆಗೊಂಡಿದೆ. ಸ್ಥಳನಾಮದ ನಿರ್ಣಯ ನಮಗೆ ಪ್ರಕೃತವಲ್ಲ. ಆದರೆ ಈ ನಿರುಕ್ತಿಯನ್ನು ವಿಚಾರಿಸಹೊರಟು ಮೊಬೈಲ್ ಫೋನಿನಲ್ಲಿ ‘ತುಂಬೆ’ ಎಂಬ ಒಂದೇ ಶಬ್ದವನ್ನು ಹುಡುಕಿದವರಿಗೆ ಶಬ್ದಶಾಸ್ತ್ರಕ್ಕಿಂತ ಮೊದಲು ವೈದ್ಯವೇ ಎದುರಾಗುತ್ತದೆ. ನೆಗಡಿಗೆ ತುಂಬೆ, ಜ್ವರಕ್ಕೆ ತುಂಬೆ, ಚರ್ಮದ ತುರಿಕೆಗೆ ತುಂಬೆ. ಹಾವು ಕಡಿದರೂ ತುಂಬೆಯ ರಸ. ಹೀಗೆ ಹೇಳಿದವರು ಯಾರು, ಯಾವ ಹಾವನ್ನು ಉದ್ದೇಶಿಸಿ ಹೇಳಿದರು, ಕಡಿಸಿಕೊಂಡವನಿಗೆ ಆಮೇಲೆ ಏನಾಯಿತು ಎಂಬುದೊಂದೂ ಆ ತೆರೆಯ ಮೇಲೆ ಕಾಣದು.

ಅಂತರ್ಜಾಲದಲ್ಲಿ ಸುಳ್ಳು ಬಹಳವಾಗಿದೆ, ಆದಕಾರಣ ಎಚ್ಚರವಾಗಿರಬೇಕು ಎಂಬ ಮಾತನ್ನು ವಾಚಕರೆಲ್ಲರೂ ಕೇಳಿ ಬೇಸತ್ತಿರಬಹುದು. ಅದನ್ನೇ ಮತ್ತೊಮ್ಮೆ ಹೇಳುವ ಉದ್ದೇಶ ನಮಗಿಲ್ಲ. ಅಲ್ಲಿ ಬರೆದಿರುವುದೆಲ್ಲ ಸತ್ಯವೇ ಎಂದು ವಾದಕ್ಕಾಗಿ ಒಪ್ಪಿಕೊಳ್ಳೋಣ. ಒಪ್ಪಿಕೊಂಡ ಮೇಲೂ, ರೋಗಿಯಾದವನು ಅದೊಂದನ್ನೇ ಆಶ್ರಯಿಸುವುದಕ್ಕೆ ಒಂದು ಎಲ್ಲೆಯುಂಟೆಂಬುದೂ, ಆ ಎಲ್ಲೆ ಬರೆವಣಿಗೆಯ ಸ್ವಭಾವದಲ್ಲಿಯೇ ಅಡಗಿರುವುದೆಂಬುದೂ ಈ ಲೇಖನದ ಪ್ರತಿಪಾದ್ಯ. ಗ್ರಂಥಗಳನ್ನು ಓದಿಸುವುದೇ ವೃತ್ತಿಯಾಗಿರುವವರಿಗೆ ಈ ವಿಷಯದಲ್ಲಿ ವೈದ್ಯರಿಗಿಲ್ಲದ ಒಂದು ಅನುಕೂಲವುಂಟು. ಗ್ರಂಥವು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದು ಅವರಿಗೆ ನಿತ್ಯದ ಅನುಭವ.

ಕನ್ನಡದಲ್ಲಿ ವೈದ್ಯವನ್ನು ಬರೆದಿಡುವ ಪದ್ಧತಿ ಹೊಸದಲ್ಲ. ೧೧ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಮಳೆ, ಬಾವಿ, ತೋಟ, ಅಡುಗೆಗಳ ಜೊತೆಗೆ ವೈದ್ಯವೂ ಸೇರಿದೆ. ಚಾಲುಕ್ಯವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು, ಜಗದ್ದಳ ಸೋಮನಾಥನು ಪೂಜ್ಯಪಾದರದೆನ್ನಲಾದ ‘ಕಲ್ಯಾಣಕಾರಕ’ವನ್ನು ಕನ್ನಡಿಸಿದನು, ೧೪ನೆಯ ಶತಮಾನದಲ್ಲಿ ಒಂದನೆಯ ಮಂಗರಾಜನು ಸ್ಥಾವರ ಮತ್ತು ಜಂಗಮ ವಿಷಗಳನ್ನು ಕುರಿತು ‘ಖಗೇಂದ್ರಮಣಿದರ್ಪಣ’ವೆಂಬ ದೊಡ್ಡ ಕೃತಿಯನ್ನು ರಚಿಸಿದನು. ಸಾಳ್ವನ ‘ವೈದ್ಯಸಾಂಗತ್ಯ’, ಶ್ರೀಧರದೇವನ ‘ವೈದ್ಯಾಮೃತ’ ಇವು ಇದೇ ಪರಂಪರೆಯವು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯಲ್ಲಿ ಈ ಗ್ರಂಥಕಾರರಿಗೆ ಕವಿಗಳ ಸಾಲಿನಲ್ಲಿಯೇ ಸ್ಥಾನವುಂಟು. ಇವುಗಳ ಹೆಚ್ಚಿನ ಭಾಗ ಪದ್ಯರೂಪವಾಗಿರುವುದನ್ನು ಕಂಡು ಇದೇನು ಕಾವ್ಯವೋ ವೈದ್ಯವೋ ಎಂದು ನಗುವವರುಂಟು. ಆದರೆ ಓಲೆಯ ಕಟ್ಟನ್ನು ರೋಗಿಯ ಮನೆಗೆ ಹೊತ್ತು ತರಲಾಗದ ಕಾಲದಲ್ಲಿ ಬಾಯಿಪಾಠಕ್ಕೆ ಒದಗುವಂತೆ ಛಂದಸ್ಸಿನಲ್ಲಿ ಕಟ್ಟಿಟ್ಟುದು ಅತ್ಯಂತ ವಿವೇಕದ ಕೆಲಸವೇ ಸರಿ.

ಬಾಯಿಪಾಠ ಯಾರಿಗೆಂಬುದನ್ನು ಇಲ್ಲಿ ಗಮನಿಸತಕ್ಕುದು. ಆ ಗ್ರಂಥಗಳು ರೋಗಿಗಾಗಿ ಬರೆದವಲ್ಲ. ಗುರುವಿನ ಹತ್ತಿರ ಕೈಕೆಲಸವನ್ನು ಕಲಿಯುತ್ತಿದ್ದವನಿಗೆ ನೆನಪಿನ ಊರುಗೋಲಾಗಿ ಬರೆದವು. ಇಂಥ ರೋಗಕ್ಕೆ ಇಂಥ ಕಷಾಯ ಎಂದು ಹೇಳುವ ಪದ್ಯವು, ಎದುರಿಗೆ ಮಲಗಿರುವವನ ರೋಗ ಇಂಥದು ಎಂಬ ನಿರ್ಣಯ ಮುಗಿದ ಬಳಿಕವಷ್ಟೇ ಕೆಲಸಕ್ಕೆ ಬರುತ್ತದೆ. ಆ ನಿರ್ಣಯದ ಕ್ರಮವನ್ನು ಸಂಸ್ಕೃತದ ಆಚಾರ್ಯರು ಬೇರೆಯಾಗಿಯೇ ಹೇಳಿದ್ದಾರೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ರೋಗವನ್ನು ವಿಶೇಷವಾಗಿ ತಿಳಿಯಲು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಎಂದು ಮೂರು ದಾರಿಗಳು ನಿರೂಪಿತವಾಗಿವೆ. ವಾಗ್ಭಟನು ರೋಗಿಯ ಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರನ್ನು ಹೇಳುತ್ತಾನೆ. ಶಾಸ್ತ್ರವನ್ನು ಓದಿಯೂ ಕರ್ಮದಲ್ಲಿ ಪಳಗದವನು ರೋಗಿಯ ಮುಂದೆ ತಬ್ಬಿಬ್ಬಾಗುವನೆಂಬುದು ಸುಶ್ರುತನ ಅಭಿಪ್ರಾಯ. ಇಂದಿನ ಆಸ್ಪತ್ರೆಯಲ್ಲಿ ಉಪಕರಣಗಳು ಬೇರೆಯಾದುವೇ ಹೊರತು ಕ್ರಮ ಇದೇ: ಕೇಳುವುದು, ನೋಡುವುದು, ಮುಟ್ಟುವುದು, ಆಮೇಲೆ ಪ್ರಯೋಗಶಾಲೆಯ ಪರೀಕ್ಷೆಯಿಂದ ಊಹೆಯನ್ನು ಒರೆಗೆ ಹಚ್ಚುವುದು. ಅಂತರ್ಜಾಲವು ನಮಗೆ ಒದಗಿಸುವುದು ಚರಕನ ಮೂರರಲ್ಲಿ ಮೊದಲನೆಯದನ್ನು ಮಾತ್ರ. ಅದೂ ಹೇಳಿದವನು ಆಪ್ತನೇ ಆಗಿದ್ದ ಪಕ್ಷದಲ್ಲಿ.

ತುಮಕೂರು ಜಿಲ್ಲೆಯ ಶಾಸನಗಳು ‘ಎಪಿಗ್ರಾಫಿಯ ಕರ್ಣಾಟಿಕ’ದ ೧೨ನೆಯ ಸಂಪುಟದಲ್ಲಿ ಅಚ್ಚಾಗಿವೆ. ಆ ಸಂಪುಟವನ್ನು ಬಿಟ್ಟು ಶಾಸನಾಭ್ಯಾಸ ನಡೆಯದು. ಆದರೂ ಒಂದು ಅಕ್ಷರದ ಮೇಲೆ ವಿವಾದ ಬಂದಾಗ ವಿದ್ವಾಂಸನು ಪುಸ್ತಕವನ್ನು ಮುಚ್ಚಿ ಕಲ್ಲಿನ ಹತ್ತಿರ ಹೋಗುತ್ತಾನೆ. ರೋಗಿಯ ದೇಹವು ವೈದ್ಯನಿಗೆ ಆ ಕಲ್ಲಿನಂತೆ. ತನ್ನ ದೇಹವನ್ನು ತಾನೇ ಓದಿಕೊಳ್ಳಬಲ್ಲೆನೆಂದು ರೋಗಿಯು ನಂಬುವುದು ಸಹಜ, ನೋವು ಅವನದಲ್ಲವೆ? ಆದರೆ ನೋವನ್ನು ಅನುಭವಿಸುವುದು ಒಂದು, ಅದನ್ನು ಲಕ್ಷಣವಾಗಿ ಓದುವುದು ಇನ್ನೊಂದು.

ಮೊದಲು ಹೆಸರಿನ ತೊಡಕನ್ನು ನೋಡಬಹುದು. ಗಿಡಮೂಲಿಕೆಯ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕೆರೆಯ ಏರಿಯ ಕೆಳಗೆ, ತೋಟದ ಕಾಲುವೆಯ ಬದಿಯಲ್ಲಿ ಹಬ್ಬುವ ಒಂದೆಲಗವನ್ನು ನಮ್ಮಲ್ಲಿ ಅನೇಕರು ಬ್ರಾಹ್ಮಿಯೆಂದು ಕರೆಯುತ್ತಾರೆ. ಆಯುರ್ವೇದದ ನಿಘಂಟುಗಳನ್ನು ಅನುಸರಿಸುವವರು ಬ್ರಾಹ್ಮಿಯೆಂದು ಸಾಮಾನ್ಯವಾಗಿ ಗ್ರಹಿಸುವುದು ನೀರುಬ್ರಾಹ್ಮಿಯನ್ನು. ಒಂದೆಲಗವು ಅವರಿಗೆ ಮಂಡೂಕಪರ್ಣಿ. ಎರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಶಂಖಪುಷ್ಪವೆಂದರೆ ಕನ್ನಡಿಗನ ಕಣ್ಣ ಮುಂದೆ ಬೇಲಿಯ ಮೇಲಿನ ನೀಲಿ ಹೂವಿನ ಬಳ್ಳಿ ಬರುತ್ತದೆ. ಉತ್ತರದೇಶದ ವೈದ್ಯರ ಶಂಖಪುಷ್ಪಿ ನೆಲದಲ್ಲಿ ಹರಡುವ ಬೇರೊಂದು ಸಣ್ಣ ಗಿಡ. ಹಿಂದಿಯಿಂದಲೋ ಇಂಗ್ಲಿಷಿನಿಂದಲೋ ಕನ್ನಡಕ್ಕೆ ಇಳಿಸಿದ ಬರಹದಲ್ಲಿ ಹೆಸರು ಮಾತ್ರ ಗಡಿಯನ್ನು ದಾಟಿ ಬರುತ್ತದೆ, ಗಿಡ ಬರುವುದಿಲ್ಲ. ಓದಿದವನು ತನ್ನ ಹಿತ್ತಲಲ್ಲಿ ಆ ಹೆಸರಿಗೆ ಉತ್ತರ ಕೊಡುವ ಗಿಡವನ್ನು ಕಿತ್ತು ತರುತ್ತಾನೆ.

ಗಿಡ ಸರಿಯಾಗಿದ್ದರೂ ಕಥೆ ಮುಗಿಯದು. ಕೋವಿಡ್ ಹಬ್ಬಿದ್ದ ೨೦೨೦ ಮತ್ತು ೨೦೨೧ರಲ್ಲಿ ಅಮೃತಬಳ್ಳಿಯ ಕಷಾಯವು ದೇಶದಲ್ಲೆಲ್ಲ ಮನೆಮನೆಯ ಮಾತಾಯಿತು. ೨೦೨೧ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸುತ್ತಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ೨೦೨೨ರಲ್ಲಿ ದೇಶದ ೧೩ ಕೇಂದ್ರಗಳಿಂದ ೪೩ ರೋಗಿಗಳ ವೃತ್ತಾಂತ ಪ್ರಕಟವಾಯಿತು. ಆಯುಷ್ ಸಚಿವಾಲಯವು ಇದನ್ನು ಒಪ್ಪದೆ, ಅಮೃತಬಳ್ಳಿಯನ್ನೇ ಹೋಲುವ ಅದೇ ಜಾತಿಯ ಬೇರೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದೆಂದು ಸೂಚಿಸಿತು. ವರದಿಯಾದ ರೋಗಿಗಳಲ್ಲಿ ಹಲವರಿಗೆ ದೇಹದ ರಕ್ಷಣಾಶಕ್ತಿಯೇ ಯಕೃತ್ತಿನ ಮೇಲೆ ತಿರುಗಿಬೀಳುವ ಪ್ರವೃತ್ತಿ ಮೊದಲೇ ಇದ್ದಿತೆಂಬುದು ವೈದ್ಯರ ಅಭಿಪ್ರಾಯ. ಈ ವಿವಾದದಲ್ಲಿ ಯಾವ ಪಕ್ಷವನ್ನು ಹಿಡಿದರೂ ನಮ್ಮ ವಿಷಯಕ್ಕೆ ಒಂದೇ: ಅದು ಯಾವ ಬಳ್ಳಿ, ಕುಡಿಯುವವನ ಯಕೃತ್ತು ಎಂಥದು, ಈ ಎರಡು ಪ್ರಶ್ನೆಗಳಿಗೂ ಕಷಾಯದ ವಿಧಾನವನ್ನು ಹೇಳುವ ಬರಹದಲ್ಲಿ ಉತ್ತರವಿರಲಾರದು.

ರೋಗದ ಹೆಸರುಗಳ ಸ್ಥಿತಿ ಇದಕ್ಕಿಂತ ಕಷ್ಟ. ಕಾಮಾಲೆ ಎಂಬುದನ್ನು ನಾವು ಒಂದು ರೋಗದ ಹೆಸರೆಂದು ಬಗೆದಿದ್ದೇವೆ. ಕಣ್ಣು, ಚರ್ಮ, ಮೂತ್ರಗಳು ಹಳದಿಯಾಗುವುದು ಒಂದು ಲಕ್ಷಣವಷ್ಟೆ. ಅದರ ಹಿಂದೆ ಕೆಟ್ಟ ನೀರಿನಿಂದ ಬಂದ ವೈರಸ್ಸು ಇರಬಹುದು, ರಕ್ತದ ಮೂಲಕ ಬಂದ ಬೇರೊಂದು ವೈರಸ್ಸು ಇರಬಹುದು, ಪಿತ್ತನಾಳವನ್ನು ಅಡ್ಡಗಟ್ಟಿದ ಕಲ್ಲೋ ಗಡ್ಡೆಯೋ ಇರಬಹುದು, ಮದ್ಯವಿರಬಹುದು. ನೀರಿನಿಂದ ಬರುವ ಬಗೆಯು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಆ ವಾರಗಳಲ್ಲಿ ಕುಡಿದ ಯಾವ ಸೊಪ್ಪಿನ ರಸಕ್ಕಾದರೂ ಕೀರ್ತಿ ಬರುವುದು ನಿಶ್ಚಯ. ಗುಣವಾದವರು ಆ ಕೀರ್ತಿಯನ್ನು ಬರೆಯುತ್ತಾರೆ. ಪಿತ್ತನಾಳದ ಗಡ್ಡೆಯಿದ್ದು ತಿಂಗಳುಗಟ್ಟಲೆ ಅದೇ ರಸವನ್ನು ಕುಡಿದವರು ಬರೆಯುವುದಿಲ್ಲ. ಓದುವವನಿಗೆ ಸಿಕ್ಕುವುದು ಬದುಕಿದವರ ಸಾಕ್ಷ್ಯ ಮಾತ್ರ. ತುಂಬೆಯ ರಸ ಮತ್ತು ಹಾವಿನ ಕಡಿತದ ವಿಷಯವೂ ಹೀಗೆಯೇ. ಕಡಿಯುವ ಹಾವುಗಳಲ್ಲಿ ಅನೇಕವು ನಿರ್ವಿಷವಾದುವು; ವಿಷದ ಹಾವೂ ಕಡಿದಾಗಲೆಲ್ಲ ವಿಷವನ್ನು ಬಿಡುವುದಿಲ್ಲ. ಅಂಥವರು ಏನನ್ನು ಕುಡಿದರೂ ಬದುಕುತ್ತಿದ್ದರು.

ಈಗಿನ ಆಡುನುಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಪಾಯಕರವಾದ ವೈದ್ಯಶಬ್ದ ಯಾವುದೆಂದು ಕೇಳಿದರೆ ‘ಗ್ಯಾಸ್ಟ್ರಿಕ್’ ಎಂದು ಹೇಳಬೇಕೆಂದು ನಮಗೆ ತೋರುತ್ತದೆ. ಇಂಗ್ಲಿಷಿನಲ್ಲಿ ವಿಶೇಷಣವಾದ ಈ ಪದ ಕನ್ನಡಕ್ಕೆ ಬಂದು ನಾಮಪದವಾಗಿ, ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ, ಎದೆಯ ಬಿಗಿತ, ಬೆನ್ನಿನ ಹಿಡಿತ ಇವೆಲ್ಲವನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಹೃದಯದ ಕೆಳಭಾಗಕ್ಕೆ ರಕ್ತವನ್ನು ಒಯ್ಯುವ ನಾಳ ಕಟ್ಟಿಕೊಂಡಾಗ ನೋವು ಎದೆಯಲ್ಲಿ ಕಾಣದೆ ಹೊಟ್ಟೆಯ ಮೇಲ್ಭಾಗದಲ್ಲಿ ಉರಿಯಾಗಿ, ವಾಕರಿಕೆಯಾಗಿ ತೋರಬಹುದು. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರಿಯ ಆಯಾಸ, ಬೆವರುಗಳಾಗಿಯೂ ತೋರಬಹುದು. ಅಂಥವನು ‘ಗ್ಯಾಸ್ಟ್ರಿಕ್’ ಎಂದು ಬರೆದು ಹುಡುಕಿದರೆ ತೆರೆಯು ಜೀರಿಗೆಯ ನೀರನ್ನೂ ಮಜ್ಜಿಗೆಯನ್ನೂ ಹೇಳುತ್ತದೆ. ಕೇಳಿದ ಪ್ರಶ್ನೆಗೆ ಆ ಉತ್ತರ ತಪ್ಪೇನೂ ಅಲ್ಲ. ಪ್ರಶ್ನೆಯೇ ತಪ್ಪಾಗಿತ್ತು, ಅದನ್ನು ತಿದ್ದುವವರು ಅಲ್ಲಿ ಯಾರೂ ಇರಲಿಲ್ಲ.

ತುಮಕೂರಿನ ನೆರೆಯ ಹಾಸನ ಜಿಲ್ಲೆಯಲ್ಲಿ ೨೦೨೫ರ ಮೇ, ಜೂನ್ ತಿಂಗಳುಗಳಲ್ಲಿ ನಡೆದುದು ಇದರ ವಿಪರೀತ ಮುಖವನ್ನು ತೋರಿಸಿತು. ಸುಮಾರು ೪೦ ದಿನಗಳಲ್ಲಿ ೨೦ಕ್ಕೂ ಹೆಚ್ಚು ಮಂದಿ, ಅವರಲ್ಲಿ ಕೆಲವರು ಎಳೆಯ ವಯಸ್ಸಿನವರು, ಹೃದಯಾಘಾತದಿಂದ ಮೃತರಾದರೆಂಬ ಸುದ್ದಿ ಪತ್ರಿಕೆಗಳಿಂದ ಫೋನುಗಳಿಗೂ ಫೋನಿನಿಂದ ಫೋನಿಗೂ ಹರಡಿತು. ದಿನಕ್ಕೊಂದರಂತೆ ಎಣಿಕೆ ಏರುತ್ತಿತ್ತು. ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಯಾವ ಬಾಧೆಯೂ ಇಲ್ಲದವರು ಸಾಲುಗಟ್ಟಿ ನಿಂತರು. ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ನೇಮಿಸಿದ ತಜ್ಞರ ಸಮಿತಿಯು ೨೪ ಮರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ ೪ ಹೃದಯಕ್ಕೆ ಸಂಬಂಧಿಸಿದುವೇ ಅಲ್ಲವೆಂದೂ, ಒಟ್ಟಿನಲ್ಲಿ ಅಸಹಜವಾದ ಏರಿಕೆ ಕಾಣುವುದಿಲ್ಲವೆಂದೂ ಹೇಳಿತು. ಇಡೀ ಒಂದು ಜಿಲ್ಲೆಯಲ್ಲಿ ಸಾಧಾರಣವಾದ ೪೦ ದಿನಗಳಲ್ಲಿ ಇಂಥ ಮರಣಗಳು ಎಷ್ಟು ಸಂಭವಿಸುತ್ತವೆ ಎಂಬ ಹಿನ್ನೆಲೆಯ ಸಂಖ್ಯೆ ಆ ಸುದ್ದಿಗಳಲ್ಲಿ ಇರಲಿಲ್ಲ. ಛೇದವಿಲ್ಲದ ಅಂಶವನ್ನು ಮಾತ್ರ ಓದುಗರು ಓದಿದರು. ಇನ್ನೊಂದು ಸಂಗತಿ ಭಾಷೆಗೆ ಸಂಬಂಧಿಸಿದುದು. ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಒಂದು, ಹೃದಯದ ಬಡಿತ ಹಠಾತ್ತಾಗಿ ನಿಲ್ಲುವುದು ಇನ್ನೊಂದು, ಹೃದಯದ ಬಲ ಮೆಲ್ಲಮೆಲ್ಲನೆ ಕುಂದುವುದು ಮತ್ತೊಂದು. ಆಘಾತ, ಸ್ತಂಭನ, ವೈಫಲ್ಯ ಎಂದು ಮೂರಕ್ಕೂ ಬೇರೆ ಬೇರೆ ಮಾತುಗಳು ನಮ್ಮಲ್ಲಿದ್ದರೂ ಮಲಗಿದಲ್ಲಿಯೇ ಸತ್ತವನ ಸಾವೆಲ್ಲ ‘ಹೃದಯಾಘಾತ’ವೆಂದೇ ಅಚ್ಚಾಗುತ್ತದೆ. ಶಬ್ದ ಒಂದಾದರೆ ಸಂಖ್ಯೆ ಹೆಚ್ಚುವುದು ಆಶ್ಚರ್ಯವಲ್ಲ.

ಇಷ್ಟು ಹೆಸರಿನ ಮಾತಾಯಿತು. ಇನ್ನು ಮುಖ್ಯವಾದ ಅಂಶಕ್ಕೆ ಬರುತ್ತೇವೆ. ವಾಗ್ಭಟನು ಹೇಳುವ ಪ್ರಶ್ನವು ವೈದ್ಯನು ರೋಗಿಗೆ ಹಾಕುವ ಪ್ರಶ್ನೆ. ಅಂತರ್ಜಾಲದಲ್ಲಿ ಈ ದಿಕ್ಕು ತಿರುವುಮುರುವಾಗಿದೆ. ಅಲ್ಲಿ ಪ್ರಶ್ನಿಸುವವನು ರೋಗಿ. ಯಾವುದು ಹೇಳತಕ್ಕ ಸಂಗತಿ, ಯಾವುದು ಬಿಡತಕ್ಕದ್ದು ಎಂಬ ವಿವೇಚನೆಯೇ ವೈದ್ಯವಿದ್ಯೆಯ ಅರ್ಧಭಾಗ. ಆ ಅರ್ಧಭಾಗವನ್ನು ಅದನ್ನು ಕಲಿಯದವನ ತಲೆಯ ಮೇಲೆ ಹೊರಿಸಿದಂತಾಗಿದೆ.

ಇದು ಬರಿಯ ತರ್ಕವಲ್ಲ, ಪರೀಕ್ಷಿಸಿ ಕಂಡುದು. ಲಕ್ಷಣಗಳನ್ನು ಹೇಳಿದರೆ ರೋಗವನ್ನು ಸೂಚಿಸುವ ೨೩ ಯಾಂತ್ರಿಕ ವ್ಯವಸ್ಥೆಗಳನ್ನು ಅಮೆರಿಕದ ಸಂಶೋಧಕರು ಪರಿಶೀಲಿಸಿ ೨೦೧೫ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಫಲಿತಾಂಶವನ್ನು ಪ್ರಕಟಿಸಿದರು, ಸರಿಯಾದ ರೋಗವನ್ನು ಮೊದಲನೆಯದಾಗಿ ಹೇಳಿದುದು ನೂರಕ್ಕೆ ೩೪ ಸಲ. ಯಂತ್ರಗಳು ಅಂದಿನಿಂದ ಬಹಳ ಬೆಳೆದಿವೆ. ಈಗಿನ ಕೃತಕಬುದ್ಧಿಯ ಸಂವಾದಯಂತ್ರಗಳನ್ನು ಕುರಿತು ಆಕ್ಸ್‌ಫರ್ಡಿನವರು ಸುಮಾರು ೧೩೦೦ ಜನರನ್ನು ಕೂಡಿಸಿ ನಡೆಸಿದ ಪ್ರಯೋಗವು ೨೦೨೫ರಲ್ಲಿ ಹೊರಬಂದಿತು. ರೋಗದ ಪೂರ್ಣ ವಿವರವನ್ನು ನೇರವಾಗಿ ಕೊಟ್ಟಾಗ ಯಂತ್ರಗಳು ನೂರಕ್ಕೆ ಸುಮಾರು ೯೫ ಸಲ ಸಂಬಂಧಪಟ್ಟ ರೋಗವನ್ನು ಗುರುತಿಸಿದುವು. ಅದೇ ಯಂತ್ರಗಳನ್ನು ಸಾಮಾನ್ಯ ಜನರ ಕೈಗೆ ಕೊಟ್ಟು ಅವರ ಮಾತಿನಲ್ಲಿಯೇ ಕೇಳಿಸಿದಾಗ ಆ ಜನರು ರೋಗವನ್ನು ಗುರುತಿಸಿದುದು ನೂರಕ್ಕೆ ೩೫ಕ್ಕಿಂತ ಕಡಿಮೆ. ಯಂತ್ರದ ಸಹಾಯವಿಲ್ಲದೆ ತಮ್ಮ ಇಚ್ಛೆಯಂತೆ ವಿಚಾರಿಸಿಕೊಂಡವರಿಗಿಂತ ಅವರೇನೂ ಮೇಲಾಗಲಿಲ್ಲ. ಯಂತ್ರದೊಳಗಿನ ಜ್ಞಾನ ಕಡಿಮೆಯಾಗಿರಲಿಲ್ಲ. ರೋಗಿ ಹೇಳಬೇಕಾದುದನ್ನು ಹೇಳಲಿಲ್ಲ. ಯಂತ್ರ ಕೇಳಬೇಕಾದುದನ್ನು ಕೇಳಲಿಲ್ಲ. ಹೇಳಿದ ಉತ್ತರಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದು ರೋಗಿಗೆ ತಿಳಿಯಲಿಲ್ಲ.

ಒಂದು ಉದಾಹರಣೆಯಿಂದ ಇದನ್ನು ಬಿಡಿಸಿ ನೋಡಬಹುದು. ಗುಬ್ಬಿ ತಾಲೂಕಿನ ಒಂದು ತೋಟದ ಮನೆ ಎಂದು ಭಾವಿಸೋಣ. ಮಳೆಗಾಲದ ರಾತ್ರಿ, ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದವನು ಬೆಳಗಿನ ಜಾವದಲ್ಲಿ ಹೊಟ್ಟೆನೋವೆಂದು ಏಳುತ್ತಾನೆ. ಮೈಮೇಲೆ ಗಾಯವಿಲ್ಲ, ಊತವಿಲ್ಲ. ಮನೆಯವರು ಫೋನಿನಲ್ಲಿ ಹೊಟ್ಟೆನೋವಿಗೆ ಮದ್ದನ್ನು ಹುಡುಕುತ್ತಾರೆ. ಹತ್ತು ಬಗೆಯ ಉತ್ತರಗಳು ಬರುತ್ತವೆ, ಹತ್ತೂ ಹೊಟ್ಟೆಗೆ ಸಂಬಂಧಿಸಿದುವು. ವೈದ್ಯನಾದರೆ ಮೊದಲು ಕೇಳುವ ಮಾತು ಬೇರೆ: ಎಲ್ಲಿ ಮಲಗಿದ್ದೆ? ಎರಡನೆಯದಾಗಿ ಮುಖವನ್ನು ನೋಡುತ್ತಾನೆ: ಕಣ್ಣಿನ ರೆಪ್ಪೆಗಳು ಜೋಲುತ್ತಿವೆಯೇ? ನುಂಗಲು ಕಷ್ಟವೇ? ಕಟ್ಟುಹಾವು ರಾತ್ರಿಯ ಹೊತ್ತು ಮಲಗಿದವರನ್ನು ಕಡಿಯುತ್ತದೆ. ಅದರ ಹಲ್ಲು ಸಣ್ಣದು, ಗುರುತು ಕಾಣದಿರಬಹುದು, ನೋವೂ ಇಲ್ಲದಿರಬಹುದು. ವಿಷವು ನರ ಮತ್ತು ಸ್ನಾಯುಗಳ ಸಂಧಿಯನ್ನು ಹಿಡಿಯುತ್ತದೆ. ಮೊದಲು ರೆಪ್ಪೆ, ಆಮೇಲೆ ಗಂಟಲು, ಕಡೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಹೊಟ್ಟೆನೋವು ಇದರ ಪ್ರಸಿದ್ಧ ಮುನ್ಸೂಚನೆಗಳಲ್ಲಿ ಒಂದು. ‘ಕಟ್ಟುಹಾವಿನ ಕಡಿತದ ಲಕ್ಷಣಗಳು’ ಎಂದು ಹುಡುಕಿದವನಿಗೆ ಇದಿಷ್ಟೂ ಅಂತರ್ಜಾಲದಲ್ಲಿ ಸರಿಯಾಗಿಯೇ ಸಿಕ್ಕುತ್ತದೆ. ಆದರೆ ಹಾವು ಕಡಿದಿದೆಯೆಂದು ತಿಳಿಯದವನು ಹಾಗೆ ಹುಡುಕುವುದಾದರೂ ಹೇಗೆ?

ಹಾವು ಕಣ್ಣಿಗೆ ಬಿದ್ದಾಗಲೂ ಚಿತ್ರವನ್ನು ಹೋಲಿಸಿ ನೋಡುವ ಅಭ್ಯಾಸ ಭಯಂಕರವಾದುದು. ನಿರ್ವಿಷವಾದ ತೋಳಹಾವಿನ ಮೈಮೇಲೂ ಕಟ್ಟುಹಾವಿನಂತೆ ಬಿಳಿಯ ಪಟ್ಟೆಗಳುಂಟು. ಮಣ್ಣುಮುಕ್ಕ ಹಾವನ್ನೂ ಕೊಳಕುಮಂಡಲವನ್ನೂ ತಿಳಿದವರೇ ಮಬ್ಬಿನಲ್ಲಿ ಅದಲುಬದಲು ಮಾಡುತ್ತಾರೆ. ಪ್ರಸಂಗವಶಾತ್ ಒಂದು ಮಾತು: ಪ್ರಾಚೀನರು ಹಾವುಗಳನ್ನು ಹೆಡೆಯುಳ್ಳ ದರ್ವೀಕರ, ಮಂಡಲಗಳುಳ್ಳ ಮಂಡಲಿ, ಗೆರೆಗಳುಳ್ಳ ರಾಜಿಮಂತ ಎಂದು ವಿಂಗಡಿಸಿದ್ದರು. ನಮ್ಮ ಕೊಳಕುಮಂಡಲದ ‘ಮಂಡಲ’ದಲ್ಲಿ ಆ ವರ್ಗೀಕರಣದ ಮಾತು ಇಂದಿಗೂ ಉಳಿದಿದೆ. ಪ್ರಾಚೀನರ ವಿಭಾಗ ಮೈಯ ಗುರುತನ್ನು ಆಶ್ರಯಿಸಿದುದು. ಇಂದಿನ ಚಿಕಿತ್ಸೆಗೆ ಹಾವಿನ ಗುರುತು ಅಷ್ಟಾಗಿ ಬೇಕಾಗಿಲ್ಲ. ಭಾರತದಲ್ಲಿ ದೊರೆಯುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಕೂಡಿಯೇ ತಯಾರಾದುದು. ಕುಣಿಗಲೆಂದರೆ ಟಿಪ್ಪುವಿನ ಕಾಲದಿಂದಲೂ ಕುದುರೆಗಳ ನೆನಪು ಬರುತ್ತದೆ. ಈ ಪ್ರತಿವಿಷವೂ ಕುದುರೆಯ ಋಣವೇ. ವಿಷವನ್ನು ಅಲ್ಪಾಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿರೋಧಕ ದ್ರವ್ಯವನ್ನು ಬೇರ್ಪಡಿಸಿ ಇದನ್ನು ಮಾಡುತ್ತಾರೆ.

ವಿಷ ಏರಿದೆಯೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ನೋಡತಕ್ಕುದಾಗಿದೆ. ಮಂಡಲದ ಹಾವುಗಳ ವಿಷವು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುತ್ತದೆ. ಆದ್ದರಿಂದ ರೋಗಿಯ ೨ ಮಿಲಿಲೀಟರ್ ರಕ್ತವನ್ನು ಶುಭ್ರವಾದ ಒಣಗಿದ ಗಾಜಿನ ನಳಿಕೆಯಲ್ಲಿ ತೆಗೆದು, ಅಲುಗಿಸದೆ ೨೦ ನಿಮಿಷ ನಿಲ್ಲಿಸಿ, ಆಮೇಲೆ ಬಾಗಿಸಿ ನೋಡುತ್ತಾರೆ. ರಕ್ತ ಹರಿದರೆ ವಿಷವೇರಿದೆ. ಬೆಲೆಬಾಳುವ ಯಂತ್ರವೇನೂ ಬೇಡ. ತಾಲೂಕಿನ ಆಸ್ಪತ್ರೆಯಲ್ಲಿ ನಡೆಯತಕ್ಕ ಪರೀಕ್ಷೆ. ಆದರೆ ರಕ್ತ ಆ ಮನುಷ್ಯನದೇ ಆಗಿರಬೇಕು, ಗಾಜಿನ ನಳಿಕೆ ಎದುರಿಗಿರಬೇಕು. ಪ್ರತಿವಿಷವನ್ನು ಕೊಟ್ಟಾಗ ಕೆಲವರಿಗೆ ಅದೇ ಒಗ್ಗದೆ ರಕ್ತದೊತ್ತಡ ಕುಸಿಯಬಹುದಾದುದರಿಂದ ಪಕ್ಕದಲ್ಲಿ ಆಳೂ ಔಷಧವೂ ಸಿದ್ಧವಿರಬೇಕು. ಕಟ್ಟುಹಾವಿನ ಕಡಿತದಲ್ಲಿ ಕೃತಕ ಉಸಿರಾಟದ ಏರ್ಪಾಟು ಬೇಕಾಗಬಹುದು. ಗುಬ್ಬಿಯಿಂದ ತುಮಕೂರಿಗೆ ೨೦ ಕಿಲೋಮೀಟರುಗಳಷ್ಟು ದಾರಿ. ಕುಣಿಗಲಿನಿಂದ ಅದರ ಸುಮಾರು ಎರಡರಷ್ಟು. ೧೦೮ನ್ನು ಕರೆದು, ಕಡಿತಕ್ಕೆ ಸಿಕ್ಕಿದ ಅಂಗವನ್ನು ಅಲುಗಿಸದೆ, ಬಿಗಿಯಾಗಿ ಕಟ್ಟದೆ, ಕುಯ್ಯದೆ ಹೊರಟರೆ ಈ ದಾರಿ ದೊಡ್ಡದಲ್ಲ. ತೆರೆಯ ಮುಂದೆ ಕಳೆದ ಒಂದು ಗಂಟೆ ಅದಕ್ಕಿಂತ ದೊಡ್ಡದಾಗುತ್ತದೆ. ೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ ೫೮,೦೦೦ ಮಂದಿ ಮೃತರಾದರೆಂದು ೨೦೨೦ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕ ವಿಷಯವೆಂದು ಘೋಷಿಸಿತು. ಇನ್ನು ಮುಂದೆ, ತುಂಬೆಯ ರಸವನ್ನು ಕುಡಿದು ತಡವಾಗಿ ಬಂದವರ ವೃತ್ತಾಂತವೂ ಎಲ್ಲಿಯಾದರೂ ಒಂದು ಕಡೆ ಬರೆದಿಡಲ್ಪಡುವುದೆಂದು ಆಶಿಸಬಹುದು.

ಸ್ಥಳದ ವಿಷಯ ಉಳಿದಿದೆ; ಅದನ್ನು ಸಂಕ್ಷೇಪವಾಗಿ ಹೇಳಬಹುದು. ಬೆನ್ನು, ಮಂಡಿಗಳು ಬಿಗಿದು ನೋಯುವವನಿಗೂ ಮೂತ್ರದ ತೊಂದರೆಯವನಿಗೂ ತೆರೆಯು ಸಮಾನವಾಗಿ ಕೊಡುವ ಬುದ್ಧಿವಾದ, ನೀರನ್ನು ಹೆಚ್ಚಾಗಿ ಕುಡಿಯಬೇಕೆಂಬುದು. ಇದೇ ತುಮಕೂರು ಜಿಲ್ಲೆಯ ಪಾವಗಡದ ಕಡೆ ಕೊಳ

ವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಬಹುಕಾಲದಿಂದ ತಿಳಿದ ಸಂಗತಿ. ಲೀಟರಿಗೆ ೧.೫ ಮಿಲಿಗ್ರಾಮನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೊದಲು ಹಲ್ಲುಗಳ ಮೇಲೆ ಕಂದು ಕಲೆಗಳು ಬೀಳುತ್ತವೆ. ಪ್ರಮಾಣವೂ ಕಾಲವೂ ಹೆಚ್ಚಿದಂತೆ ಎಲುಬುಗಳೂ ಕೀಲುಗಳೂ ಬಿಗಿಯುತ್ತವೆ. ಭಾರತದಲ್ಲಿ ಈ ರೋಗವನ್ನು ಮೊದಲು ವರ್ಣಿಸಿದುದು ೧೯೩೭ರಲ್ಲಿ, ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ನೆಲ್ಲೂರಿನ ಕಡೆಯಲ್ಲಿ. ಅಲ್ಲಿಯವನಿಗೆ ನೀರೇ ರೋಗದ ಕಾರಣವಾಗಿರುವಾಗ, ಅದೇ ನೀರನ್ನು ಹೆಚ್ಚು ಕುಡಿಯೆಂದು ಹೇಳುವ ವಾಕ್ಯವು ಪ್ರಪಂಚದ ಉಳಿದೆಡೆಗೆಲ್ಲ ಸರಿಯಾಗಿದ್ದರೂ ಪಾವಗಡಕ್ಕೆ ತಪ್ಪಾಗುತ್ತದೆ. ಆ ಊರಿನ ವೈದ್ಯನು ಬಾಯಿ ತೆರೆಸಿ ಹಲ್ಲನ್ನು ನೋಡಿ, ಯಾವ ಬಾವಿಯ ನೀರೆಂದು ಕೇಳುತ್ತಾನೆ.

ಹಾಗಾದರೆ ಈ ಸಾಧನ ವ್ಯರ್ಥವೇ ಎಂದರೆ ಹಾಗಲ್ಲ. ರೋಗನಿರ್ಣಯವಾದ ಮೇಲೆ, ಆ ರೋಗವನ್ನು ಕುರಿತು ಓದುವುದರಿಂದ ರೋಗಿಗೆ ಲಾಭವುಂಟು. ಮಾತ್ರೆಯನ್ನು ಏಕೆ ನಿಲ್ಲಿಸಬಾರದು, ಯಾವ ಲಕ್ಷಣ ಕಂಡರೆ ಹಿಂದಿರುಗಿ ಬರಬೇಕು ಎಂಬುದನ್ನು ಐದು ನಿಮಿಷದ ಭೇಟಿಯಲ್ಲಿ ವೈದ್ಯರು ಹೇಳಿ ಮುಗಿಸಲಾರರು. ಹಳೆಯ ವೈದ್ಯಗ್ರಂಥಗಳಂತೆ ಇದೂ ನಿರ್ಣಯದ ಅನಂತರದ ಸಾಧನ. ದೂರದಿಂದ ಚಿಕಿತ್ಸೆ ಮಾಡುವುದಕ್ಕೆ ಭಾರತ ಸರ್ಕಾರವು ೨೦೨೦ರ ಮಾರ್ಚ್ ೨೫ರಂದು ಹೊರಡಿಸಿದ ಮಾರ್ಗಸೂಚಿಯೂ ಈ ಎಲ್ಲೆಯನ್ನು ಒಪ್ಪಿಕೊಂಡೇ ಬರೆದುದಾಗಿದೆ: ದೂರದ ಮಾತುಕತೆ ಸಾಕೋ, ರೋಗಿಯನ್ನು ಕಣ್ಣಾರೆ ನೋಡಲೇಬೇಕೋ ಎಂಬುದನ್ನು ನಿರ್ಧರಿಸತಕ್ಕವನು ನೋಂದಾಯಿತನಾದ ವೈದ್ಯ; ಕೆಲವು ಔಷಧಗಳನ್ನು ಹಾಗೆ ದೂರದಿಂದ ಬರೆದುಕೊಡುವುದಕ್ಕೇ ಅವಕಾಶವಿಲ್ಲ.

ಕರ್ನಾಟಕದಲ್ಲಿ ಈಚೆಗೆ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ ಏರ್ಪಟ್ಟಿರುವ ‘ಹೃದಯಜ್ಯೋತಿ’ ಯೋಜನೆಯಲ್ಲಿ ಅಂತರ್ಜಾಲದ ಪ್ರಯೋಜನ ಬೇರೆ ರೀತಿಯದು. ತಾಲೂಕಿನ ಆಸ್ಪತ್ರೆಗೆ ಎದೆನೋವೆಂದೋ, ಅವನ ಮಾತಿನಲ್ಲಿ ಗ್ಯಾಸ್ಟ್ರಿಕ್ ಎಂದೋ ಬಂದವನನ್ನು ಮಲಗಿಸಿ ಇ.ಸಿ.ಜಿ. ತೆಗೆಯುತ್ತಾರೆ. ಆ ರೇಖೆಗಳು ತಂತಿಯಿಲ್ಲದ ದಾರಿಯಲ್ಲಿ ಜಯದೇವದ ತಜ್ಞರ ಮುಂದೆ ಹೋಗಿ ನಿಲ್ಲುತ್ತವೆ. ರಕ್ತನಾಳ ಕಟ್ಟಿಕೊಂಡಿದ್ದರೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಇಲ್ಲಿ ತೆರೆಯ ಮೇಲೆ ಮೂಡಿರುವುದು ಹೃದಯರೋಗದ ಸಾಮಾನ್ಯ ವರ್ಣನೆಯಲ್ಲ, ಮಂಚದ ಮೇಲೆ ಮಲಗಿರುವ ಆ ಒಬ್ಬನ ಹೃದಯದ ಬಡಿತ. ಅದನ್ನು ಓದುತ್ತಿರುವವನು ವೈದ್ಯ.